ಮುಳ್ಳಿದ್ದರೆ ಅದು ಮರವಲ್ಲವೇ ಸ್ವಾಮಿ?

ಫೆಬ್ರವರಿ ಬಂತೆಂದರೆ ಸಾಕು, ಬೆಂಗಳೂರಿನ ನಮ್ಮ ಬ್ಲಾಗಿಗರಿಗೆಲ್ಲ ಒಂದೇ ಹುಚ್ಚು. ಟಬೂಬಿಯಾ! ರಸ್ತೆ ತುಂಬ ಗುಲಾಬಿ ಹೂ, ಅದರದೊಂದು ಫೋಟೋ, ಫೋಟೋದ ಕೆಳಗೆ ನಾಲ್ಕು ಸಾಲಿನ ಕವನ. ಬೇಡ ಅನ್ನುತ್ತಿಲ್ಲ, ಚೆಂದವೇ. ಆದರೆ ಅದೇ ಹೊತ್ತಿಗೆ, ಅದೇ ಊರಿನಲ್ಲಿ, ಎಲೆಯೆಲ್ಲ ಉದುರಿಸಿಕೊಂಡು ಬೋಳಾಗಿ ನಿಂತು ಕೆಂಡದಂಥ ಹೂ ಬಿಡುವ ಇನ್ನೊಂದು ಮರವಿದೆ. ಹಾಲುವಾಣ. ಅದರ ಫೋಟೋ ಎಷ್ಟು ಜನ ಹಾಕಿದ್ದೀರಿ? ಹೋಗಲಿ, ಹೆಸರಾದರೂ ಎಷ್ಟು ಜನಕ್ಕೆ ಗೊತ್ತು?

ಈ ಕೋಪಕ್ಕೆ ಕಾರಣವಿದೆ. ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲೊಂದು ಹಾಲುವಾಣವಿದೆ. ಅದನ್ನು ಕಡಿಸಬೇಕೆಂದು ನಿವಾಸಿಗಳ ಸಂಘದವರು ಅರ್ಜಿ ಬರೆದು ಮನೆಮನೆಗೆ ಸಹಿಗೆ ಬಂದಿದ್ದರು. "ಮುಳ್ಳಿದೆ ಸಾರ್, ಮಕ್ಕಳು ಆಡೋ ಜಾಗ" ಅಂದರು. ಅದರ ಬದಲಿಗೆ ಏನು ನೆಡುತ್ತೀರಿ ಅಂದೆ. ಟಬೂಬಿಯಾ ಅಂತೆ! ನಾನು ಸಹಿ ಹಾಕಲಿಲ್ಲ. "ನೀವು ಓದಿದವರು, ನೀವೇ ಹಿಂಗಂದ್ರೆ ಹೆಂಗೆ?" ಎಂದು ಹೊರಟೇಬಿಟ್ಟರು. ಅವರಿಗೆ ಕೇಳಿಸಿಕೊಳ್ಳುವ ಪುರುಸೊತ್ತಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮುಳ್ಳಿನ ವಿಷಯ. ಹಾಲುವಾಣದ ಮುಳ್ಳು ಚಿಕ್ಕದು, ಕಪ್ಪಗೆ ಮೊನಚಾಗಿ ಎಳೆಯ ಕಾಂಡ ಮತ್ತು ಕೊಂಬೆಗಳ ಮೇಲಿರುತ್ತದೆ. ಮರ ಬಲಿತಂತೆ ಬುಡದ ಮುಳ್ಳು ಬಹುಪಾಲು ಉದುರಿಹೋಗುತ್ತದೆ. ಅದೇ ಪಾರ್ಕಿನ ಬೇಲಿಯುದ್ದಕ್ಕೂ ಬೋಗನ್‌ವಿಲ್ಲಾ ಹಬ್ಬಿಸಿದ್ದಾರೆ. ಅದರ ಮುಳ್ಳು ಒಮ್ಮೆ ಚುಚ್ಚಿಸಿಕೊಂಡು ನೋಡಿ, ಆಮೇಲೆ ಮಾತಾಡೋಣ. ಅರ್ಜಿಗೆ ಮೊದಲ ಸಹಿ ಹಾಕಿದವರ ಕಾಂಪೌಂಡ್ ಗೋಡೆಯ ಮೇಲೆ ಒಡೆದ ಗಾಜಿನ ಚೂರು ನೆಟ್ಟಿದೆ. ಅದರಿಂದ ಮಕ್ಕಳಿಗೆ ಅಪಾಯವಿಲ್ಲ, ಮರದಿಂದ ಅಪಾಯ!

ಇನ್ನು ಆ ಹೂವಿನ ವಿಷಯ. ಅವರೆ, ತೊಗರಿ, ಬಟಾಣಿಯ ಕುಟುಂಬದ ಮರ ಇದು. ಹೂವಿನ ಒಂದು ಎಸಳು ಉಳಿದವಕ್ಕಿಂತ ದೊಡ್ಡದು. ಒಳಗೆ ನೀರಿನಂಥ ತೆಳು ಮಕರಂದ, ಅದೂ ಧಾರಾಳವಾಗಿ. ಹಕ್ಕಿ ಬಂದು ಕೊಕ್ಕು ಹಾಕಿದರೆ ಪರಾಗ ಅದರ ತಲೆಗೆ, ಕತ್ತಿಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಒಂದು ಬೆಳಗ್ಗೆ ಏಳು ಗಂಟೆಗೆ ಹೋಗಿ ನಿಂತು ನೋಡಿ. ಗೊರವಂಕ, ಪಿಕಳಾರ, ಕಾಜಾಣ, ಸೂರಕ್ಕಿ, ಗಿಳಿ, ಕಾಗೆ... ಸಂತೆ ಗದ್ದಲ! ಚಳಿಗಾಲಕ್ಕೆ ವಲಸೆ ಬರುವ ಗುಲಾಬಿ ಕಬ್ಬಕ್ಕಿಗಳೂ ವಾಪಸು ಹೊರಡುವ ಮುಂಚೆ ಇಂಥ ಮರಗಳಿಗೆ ಮುತ್ತುತ್ತವೆ. ಅಮೆರಿಕ ಖಂಡದಿಂದ ಬಂದ ಟಬೂಬಿಯಾದಲ್ಲಿ ಈ ಜಾತ್ರೆ ನಾನಂತೂ ಕಂಡಿಲ್ಲ. ಒಂದು ಮರ ನಮ್ಮ ಕ್ಯಾಮೆರಾಕ್ಕೆ, ಇನ್ನೊಂದು ಹಕ್ಕಿಗಳ ಹೊಟ್ಟೆಗೆ. ಸುಡುಬಿಸಿಲಿಗೆ ಮುಂಚೆ ಹಕ್ಕಿಗಳಿಗೆ ಸಿಗುವ ಇಂಥ ಊಟವನ್ನು ಕಸಿಯುವ ಮುನ್ನ ಸ್ವಲ್ಪ ಯೋಚಿಸಬೇಡವೇ?

ಮಲೆನಾಡಿನವರಿಗೆ ಈ ಮರದ ಪರಿಚಯ ಮಾಡಿಸಬೇಕಿಲ್ಲ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ಬೇಲಿಗೆ ಗೂಟ. ಕೊಂಬೆ ಕಡಿದು ನೆಟ್ಟರೆ ಚಿಗುರುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಗೊಬ್ಬರ ಕೂಡಿಸುತ್ತವೆ. ಊರಲ್ಲಿ ಇಷ್ಟೆಲ್ಲ ಮಾಡಿದ ಮರ ನಗರಕ್ಕೆ ಬಂದ ಕೂಡಲೇ ಕಾಡುಗಿಡ ಆಗಿಬಿಡುತ್ತದೆ.

"ಕೊಂಬೆ ಮೆತ್ತಗೆ, ಗಾಳಿಗೆ ಮುರಿಯುತ್ತೆ" ಅನ್ನುವವರಿದ್ದಾರೆ. ನಿಜ, ಮುರಿಯುತ್ತದೆ. ಹಾಗಾಗಿ ಕಿರಿದಾದ ಫುಟ್‌ಪಾತಿನಲ್ಲಿ, ಕರೆಂಟ್ ತಂತಿಯ ಕೆಳಗೆ ನೆಡಬೇಡಿ. ಕೆರೆ ಏರಿ, ಪಾರ್ಕಿನ ಅಂಚು, ಕಾಲೇಜಿನ ಬಯಲು ಇದೆಯಲ್ಲ? ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರೂ ಬೀಳುತ್ತದೆ, ಮಳೆಮರವೂ ಬೀಳುತ್ತದೆ. ಅವನ್ನೆಲ್ಲ ಕಡಿಯಿರಿ ಎಂದು ಯಾರೂ ಅರ್ಜಿ ಹಿಡಿದು ಬರುವುದಿಲ್ಲ. ಲಾಸ್ ಏಂಜಲೀಸ್ ನಗರ 1966ರಲ್ಲಿ ತನ್ನ ಅಧಿಕೃತ ಮರವೆಂದು ಆರಿಸಿಕೊಂಡದ್ದು ಇದೇ ಜಾತಿಯ ಆಫ್ರಿಕನ್ ದಾಯಾದಿಯನ್ನು. ಅದಕ್ಕೂ ಮುಳ್ಳಿದೆ, ಅದರ ಕೊಂಬೆಯೂ ಮುರಿಯುತ್ತದೆ.

ಸಂಘದವರ ಇನ್ನೊಂದು ದೂರು, "ಎಲೆಗೆ ರೋಗ ಬಂದಿದೆ" ಅಂತ. ಅದು ಒಂದು ಪುಟ್ಟ ಕಣಜದ ಕೆಲಸ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 2004ರಲ್ಲಿ. ಎಲೆ, ತೊಟ್ಟುಗಳಲ್ಲಿ ಮೊಟ್ಟೆಯಿಟ್ಟು ಗಂಟು ಬರಿಸುತ್ತದೆ. ಹವಾಯಿಯಲ್ಲಿ ಇದೇ ಕಾಟ ಬಂದಾಗ ಆಫ್ರಿಕಾದಿಂದ ಅದರ ಶತ್ರು ಕಣಜವನ್ನು ತಂದು, ಪರೀಕ್ಷೆ ಮಾಡಿ, 2008ರಲ್ಲಿ ಬಿಟ್ಟು ತಮ್ಮ ಮರಗಳನ್ನು ಉಳಿಸಿಕೊಳ್ಳಲು ಹೊರಟರು. ನಾವು ಕೊಡಲಿ ಹುಡುಕುತ್ತೇವೆ.

ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಕಡಿಯಬಹುದಾದ ಮರಗಳ ಪಟ್ಟಿಯೊಂದಿದೆ. ನೀಲಗಿರಿ, ಸಿಲ್ವರ್ ಓಕ್, ರಬ್ಬರ್, ಸುಬಾಬುಲ್ ಜೊತೆಗೆ ಎರಿಥ್ರೈನಾ ಕೂಡ ಅದರಲ್ಲಿದೆ. ಅಂದರೆ ನಮ್ಮ ಹಾಲುವಾಣ! ತೋಟದವರ ಅನುಕೂಲಕ್ಕೆ ಸೇರಿಸಿರಬೇಕು, ಒಪ್ಪೋಣ. ತೋಟದಲ್ಲಿ ಒಂದು ಹೋದರೆ ನಾಲ್ಕು ಗೂಟ ನೆಡುತ್ತಾರೆ. ನಗರದಲ್ಲಿ ಯಾರು ನೆಡುತ್ತಾರೆ? ನಗರದ ಮರಗಳಿಗೆ ಈ ವಿನಾಯಿತಿ ಯಾಕೆ ಬೇಕು?

ಕಾನೂನು ಕಾಯದ ಮರವನ್ನು ಅಕ್ಕಪಕ್ಕದವರ ಬಾಯಿಯೇ ಕಾಯಬೇಕು. ಹಾಗಾಗಿ ಗೆಳೆಯರೇ, ಎರಡು ಕೆಲಸ ಮಾಡಿ. ಈ ಸಲ ಟಬೂಬಿಯಾದ ಪಕ್ಕದಲ್ಲೇ ನಿಮ್ಮ ಬೀದಿಯ ಹಾಲುವಾಣದ ಫೋಟೋನೂ ಹಾಕಿ, ಹೆಸರು ಬರೆದು ಹಾಕಿ. ಹೆಸರು ಗೊತ್ತಿಲ್ಲದ ಮರ ಕಡಿದರೆ ಯಾರಿಗೂ ನೋವಾಗುವುದಿಲ್ಲ. ಮತ್ತೆ, ಸಹಿ ಕೇಳಿಕೊಂಡು ಯಾರಾದರೂ ಬಂದರೆ ಪೆನ್ನು ತೆಗೆಯುವ ಮುಂಚೆ ಒಂದು ಸಲ ಮರದ ಕಡೆ ತಲೆಯೆತ್ತಿ ನೋಡಿ.

ನಮ್ಮ ಪಾರ್ಕಿನ ಅರ್ಜಿ ಇನ್ನೂ ಮನೆಮನೆ ಸುತ್ತುತ್ತಿದೆ. ನಾನೂ ಒಂದು ಎದುರರ್ಜಿ ಬರೆದಿದ್ದೇನೆ. ಸದ್ಯಕ್ಕೆ ಆರು ಸಹಿ ಆಗಿದೆ. ಏನಂತೀರಿ?