ಮರದ ಮೀನು, ಉಕ್ಕಿನ ಕೊಕ್ಕೆ

ಹವ್ಯಾಸಗಳಲ್ಲಿ ನಿರ್ದೋಷವಾದವು ಉಂಟು, ಸದೋಷವಾದವೂ ಉಂಟು. ನಿರ್ದೋಷದ ವೇಷ ಧರಿಸಿ ಬರುವ ಸದೋಷ ಹವ್ಯಾಸಗಳು ಇವೆರಡಕ್ಕಿಂತ ಬೇರೆ. ಮೊದಲನೆಯವನ್ನು ಆದರಿಸಬಹುದು, ಎರಡನೆಯವನ್ನು ದೂರವಿಡಬಹುದು. ಮೂರನೆಯವು ಮಾತ್ರ ಯಾರ ಅರಿವಿಗೂ ಬಾರದೆ ಮನೆಯೊಳಗೆ ಬಂದು ಕುಳಿತುಬಿಡುತ್ತವೆ. ಮರದ ತುಂಡನ್ನು ಮೀನಿನಂತೆ ಕೆತ್ತಿ, ಬಣ್ಣ ಬಳಿದು, ಕೊಕ್ಕೆ ಜೋಡಿಸಿ ಗಾಳಕ್ಕೆ ಕಟ್ಟುವ ಕೃತಕ ಎರೆಯನ್ನು, ಅಂದರೆ ಲ್ಯೂರನ್ನು, ಮನೆಯಲ್ಲೇ ತಯಾರಿಸುವ ಹವ್ಯಾಸ ಈ ಮೂರನೆಯ ಬಗೆಗೆ ಸೇರಿದ್ದು.

ಬಸವನಗುಡಿಯ ಹಳೆಯ ಶ್ರಾವಕ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಸೂರ್ಯಾಸ್ತಕ್ಕೆ ಮುನ್ನ ಊಟ, ಅಷ್ಟಮಿ ಚತುರ್ದಶಿಗಳಲ್ಲಿ ನಿಯಮ, ಗಡ್ಡೆಗೆಣಸುಗಳ ತ್ಯಾಗ, ಎಲ್ಲವೂ ಅಲ್ಲಿ ಕ್ರಮವಾಗಿ ನಡೆಯುತ್ತವೆ. ಮಹಡಿಯ ಕೋಣೆಯಲ್ಲಿ ಮಾತ್ರ ಕಾಲೇಜು ಓದುವ ಮಗ ಮರಳು ಕಾಗದ ಹಿಡಿದು ಮರದ ತುಂಡನ್ನು ಉಜ್ಜುತ್ತಿರುತ್ತಾನೆ. ಮೇಜಿನ ಮೇಲೆ ಬಣ್ಣದ ಡಬ್ಬಿಗಳು, ವಾರ್ನಿಷ್, ಗಾಜಿನ ಕಣ್ಣುಗಳು, ಸೀಸದ ಗುಂಡುಗಳು. ಅಜ್ಜಿ ಮೆಟ್ಟಿಲು ಹತ್ತಿ ಬಂದು, ‘ಎಷ್ಟು ಚೆನ್ನಾಗಿ ಮಾಡಿದ್ದೀಯೋ ಮಗು, ಗೊಂಬೆಹಬ್ಬಕ್ಕೇನೋ ಇದು?’ ಎಂದು ಕೇಳುತ್ತಾರೆ. ಮೊಮ್ಮಗ ಮರದ ಮೀನಿನ ಹೊಟ್ಟೆಯಲ್ಲಿ ತೂಗುತ್ತಿರುವ ಮೂರು ಮೊನೆಯ ಕೊಕ್ಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ‘ಹೂಂ ಅಜ್ಜಿ, ಗೊಂಬೆಯೇ’ ಎನ್ನುತ್ತಾನೆ. ನಿರ್ದೋಷವಾದುದನ್ನು ಯಾರೂ ಅಂಗೈಯಲ್ಲಿ ಮುಚ್ಚಿಡಬೇಕಾಗುವುದಿಲ್ಲ. ವಾದಕ್ಕೆ ಇಷ್ಟೇ ಸಾಕಾಗಿತ್ತು. ಆದರೆ ಈ ಹವ್ಯಾಸದ ಪರವಾಗಿ ಹೇಳುವ ಮಾತುಗಳು ಸಾಕಷ್ಟು ಜಾಣತನದಿಂದ ಕೂಡಿರುವುದರಿಂದ ಅವನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ಮೊದಲಿಗೆ ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಜೇಮ್ಸ್ ಹೆಡ್ಡನ್ ಎಂಬಾತ 19ನೆಯ ಶತಮಾನದ ಕೊನೆಯಲ್ಲಿ ಮರದ ಕಪ್ಪೆ ಕೆತ್ತಿ ಈ ಉದ್ಯಮಕ್ಕೆ ದಾರಿ ಮಾಡಿದನು. ಫಿನ್ಲೆಂಡಿನ ಬೆಸ್ತ ಲಾರಿ ರಾಪಲ 1936ರಲ್ಲಿ ಕಾರ್ಕಿನ ತುಂಡನ್ನು ಕೆತ್ತಿ, ಚಾಕೊಲೇಟಿನ ಬೇಗಡೆಯನ್ನು ಹೊದಿಸಿ, ಫೋಟೋ ನೆಗೆಟಿವನ್ನು ಕರಗಿಸಿ ಮೇಲ್ಲೇಪ ಕೊಟ್ಟು ತನ್ನ ಪ್ರಸಿದ್ಧ ಎರೆಯನ್ನು ಸಿದ್ಧಗೊಳಿಸಿದನು. ಆತ ಸರೋವರದಲ್ಲಿ ಗಮನಿಸಿದ್ದ ಸಂಗತಿ ಒಂದೇ: ದೊಡ್ಡ ಮೀನು ಗುಂಪಿನಲ್ಲಿ ಸ್ವಸ್ಥವಾಗಿ ಈಜುವ ಮರಿಗಳನ್ನು ಬಿಟ್ಟು, ಗಾಯಗೊಂಡು ಓಲಾಡುತ್ತಿರುವುದರ ಮೇಲೆಯೇ ಎರಗುತ್ತದೆ. ಆ ಓಲಾಟವನ್ನು ಅನುಕರಿಸುವುದೇ ಈ ಕಲೆಯ ಸಾರ. ಮೂತಿಯ ಕೆಳಗೆ ಓರೆಯಾಗಿ ಕೂರಿಸುವ ಚಿಕ್ಕ ತಗಡು ನೀರನ್ನು ತಳ್ಳಿ ಮರದ ಮೀನನ್ನು ಆಳಕ್ಕೆ ಎಳೆಯುತ್ತದೆ, ಅಕ್ಕಪಕ್ಕಕ್ಕೆ ತೊನೆಯಿಸುತ್ತದೆ. ಹೊಟ್ಟೆಯೊಳಗಿನ ಸೀಸ ಅದನ್ನು ಮಗುಚದಂತೆ ಹಿಡಿಯುತ್ತದೆ. ಬಲೆಬಟ್ಟೆಯನ್ನು ಮೈಗೆ ಬಿಗಿದು ಬಣ್ಣ ಊದಿದರೆ ಹುರುಪೆಗಳು ಮೂಡುತ್ತವೆ. ಕಿವಿರಿನ ಬಳಿ ಕೆಂಪು ಬಳಿಯುವುದೂ ಉಂಟು. ಅದು ರಕ್ತದ ಸೂಚನೆ. ಕುಶಲತೆಯ ಪರಾಕಾಷ್ಠೆಯೆಂದರೆ ಇಲ್ಲಿ ಸಂಕಟದ ನಿಖರವಾದ ಅಭಿನಯ. ಇನ್ನೊಂದು ಜೀವಿಯ ನರಳಾಟವನ್ನು ಇಷ್ಟು ಸೂಕ್ಷ್ಮವಾಗಿ ಅಭ್ಯಸಿಸುವ ಮನಸ್ಸು ಆ ನರಳಾಟಕ್ಕೆ ಕರಗುವ ಬದಲು ಅದನ್ನು ಆಯುಧವಾಗಿಸುತ್ತದೆ.

ಕೆರೆಗಳಲ್ಲಿನ ಕೊರವ ಮೀನಿನ ವಿಷಯದಲ್ಲಿ ಇದು ಮತ್ತಷ್ಟು ಘೋರ. ಈ ಜಾತಿಯ ಹೆತ್ತ ಮೀನುಗಳು ಮರಿಗಳ ಹಿಂಡನ್ನು ಕಾಯುತ್ತ ಅದರ ಕೆಳಗೇ ಸಂಚರಿಸುತ್ತವೆ. ಇದನ್ನು ಬಲ್ಲ ಗಾಳಗಾರರು ಕೃತಕ ಕಪ್ಪೆಯನ್ನೋ ಮೀನನ್ನೋ ಮರಿಗಳ ಹಿಂಡಿನ ನಡುವೆಯೇ ಎಸೆಯುವುದುಂಟು. ಆಗ ಹೆತ್ತ ಮೀನು ಹಸಿವಿನಿಂದ ಕಚ್ಚುವುದಿಲ್ಲ, ಮರಿಗಳನ್ನು ಉಳಿಸಲೆಂದು ಕಚ್ಚುತ್ತದೆ. ವಾತ್ಸಲ್ಯವೇ ಅದಕ್ಕೆ ಗಾಳವಾಗುತ್ತದೆ.

‘ಮಾಡುವವನು ಮರ ಕೆತ್ತುತ್ತಾನೆ, ಅಷ್ಟೆ, ಮರಕ್ಕೆ ನೋವಿದೆಯೇ?’ ಎಂಬುದು ಮೊದಲ ಆಕ್ಷೇಪ. ಕನ್ನಡದ ಜೈನಕವಿ ಜನ್ನನು 13ನೆಯ ಶತಮಾನದ ಆರಂಭದಲ್ಲಿ ರಚಿಸಿದ ಯಶೋಧರ ಚರಿತೆಯೇ ಇದಕ್ಕೆ ಉತ್ತರ. ಅರಸ ಯಶೋಧರನು ನಿಜವಾದ ಕೋಳಿಯನ್ನು ಕಡಿಯಲೊಲ್ಲದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಹಿಟ್ಟಿಗೂ ನೋವಿರಲಿಲ್ಲ. ಆದರೂ ಆ ಸಂಕಲ್ಪದ ಫಲವಾಗಿ ತಾಯಿಮಕ್ಕಳು ಜನ್ಮಜನ್ಮಾಂತರ ತಿರ್ಯಂಚ ಗತಿಯಲ್ಲಿ ತೊಳಲುತ್ತಾರೆ. ಆ ಜನ್ಮಗಳೊಂದರಲ್ಲಿ ಯಶೋಧರನು ಮೀನಾಗಿಯೇ ಹುಟ್ಟುತ್ತಾನೆ. ಹಿಟ್ಟಿನ ಹುಂಜ ಇನ್ನಾವ ಜೀವಿಯನ್ನೂ ಕೊಲ್ಲಲಾರದು. ಮರದ ಮೀನಾದರೋ ಕೊಕ್ಕೆ ಹೊತ್ತು ನೀರಿಗಿಳಿಯುತ್ತದೆ. ಸಂಕಲ್ಪಮಾತ್ರದ ಹಿಂಸೆಗೇ ಅಷ್ಟು ಬೆಲೆ ತೆರಬೇಕಾದರೆ, ಸಂಕಲ್ಪಕ್ಕೆ ಸಾಧನವೂ ಸೇರಿದಾಗ ಎಷ್ಟು ತೆರಬೇಕು?

ಎರಡನೆಯ ಆಕ್ಷೇಪ: ‘ಹಲವರು ನೀರಿಗೆ ಇಳಿಸುವುದೇ ಇಲ್ಲ, ಗಾಜಿನ ಕಪಾಟಿನಲ್ಲಿ ಇಡುತ್ತಾರೆ, ಇಲ್ಲವೇ ಗೆಳೆಯರಿಗೆ ಕೊಡುತ್ತಾರೆ.’ ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಸಮಂತಭದ್ರಾಚಾರ್ಯರು ನಿಷ್ಪ್ರಯೋಜಕ ಪಾಪಗಳ ಐದು ಭೇದಗಳನ್ನು ಎಣಿಸುವಾಗ ಹಿಂಸಾದಾನವನ್ನೂ ಸೇರಿಸಿದ್ದಾರೆ. ಹಿಂಸೆಯ ಉಪಕರಣವನ್ನು ಇನ್ನೊಬ್ಬರಿಗೆ ಕೊಡುವುದೇ ಹಿಂಸಾದಾನ. ಗೆಳೆಯನ ಹುಟ್ಟುಹಬ್ಬಕ್ಕೆ ಕೊಕ್ಕೆಯಿರುವ ಮರದ ಮೀನನ್ನು ಕೊಡುವುದು ಇದರ ಅಚ್ಚುಕಟ್ಟಾದ ಉದಾಹರಣೆ. ಇನ್ನು ಕಪಾಟಿನಲ್ಲೇ ಇಡುವುದಾದರೆ ಕೊಕ್ಕೆ ಏಕೆ ಬೇಕು? ಈ ಪ್ರಶ್ನೆಗೆ ಹವ್ಯಾಸಿಗಳಲ್ಲಿ ಉತ್ತರವಿಲ್ಲ.

ಮೂರನೆಯದು ಗಂಭೀರವಾದ ಆಕ್ಷೇಪ: ‘ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ.’ ಸೋಮದೇವಸೂರಿಯು ಶಕ 881ರಲ್ಲಿ, ಅಂದರೆ ಕ್ರಿ.ಶ. 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಮೃಗಸೇನನೆಂಬ ಧೀವರನ ಕಥೆಯಿದೆ. ಮೊದಲು ಬಲೆಗೆ ಬಿದ್ದ ಮೀನನ್ನು ಕೊಲ್ಲೆನೆಂದು ಆತ ಮುನಿಯ ಬಳಿ ವ್ರತ ಕೈಗೊಂಡ. ಗುರುತು ಕಟ್ಟಿ ಬಿಟ್ಟ ಅದೇ ಮೀನು ಐದು ಬಾರಿ ಸಿಕ್ಕಿತು, ಐದು ಬಾರಿಯೂ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ತೆರೆಯಲಿಲ್ಲ. ಗಾಳದ ಕ್ರೀಡಾಪಟು ತನ್ನನ್ನು ಮೃಗಸೇನನಿಗೆ ಹೋಲಿಸಿಕೊಳ್ಳಬಹುದು. ಆದರೆ ಮೃಗಸೇನನು ಮೀನನ್ನು ಬಿಟ್ಟು ಹಸಿದುಕೊಂಡ, ಕ್ರೀಡಾಪಟು ಮೀನನ್ನು ಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಾನೆ. ಒಬ್ಬನದು ಹಿಂಸೆಯಿಂದ ಹೊರಬರುವ ಮೊದಲ ಮೆಟ್ಟಿಲು, ಇನ್ನೊಬ್ಬನದು ಹಿಂಸೆಯನ್ನು ಮತ್ತೆ ಮತ್ತೆ ಸವಿಯುವ ಏರ್ಪಾಡು. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಹುಟ್ಟಿದ್ದೇ ಇಂಥ ಆಟಗಳನ್ನು ಕಂಡು.

ಮೀನಿಗೆ ನೋವಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ಜೈನಾಗಮ ಮೀನನ್ನು ಪಂಚೇಂದ್ರಿಯ ಜೀವಿಗಳ ಸಾಲಿನಲ್ಲಿ ಇರಿಸಿದೆ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವನ್ನು ಗ್ರಹಿಸುವ ನರಾಗ್ರಗಳನ್ನು ತೋರಿಸಿಕೊಟ್ಟರು. ತುಟಿಗೆ ಆಮ್ಲ ಚುಚ್ಚಿದಾಗ ಆ ಮೀನುಗಳು ಆಹಾರ ಬಿಟ್ಟು ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡವು. ಇದನ್ನು ನೋವೆಂದು ಕರೆಯಲು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಸಂದೇಹವಿರುವಲ್ಲಿ ಕೈ ತಡೆಯುವುದು ಧರ್ಮ, ಕೈ ಮಾಡುವುದು ಪ್ರಮಾದ.

‘ಗಾಳಗಾರರಿಂದಲೇ ಕಾವೇರಿಯ ಮಹಶೀರ್ ಉಳಿದದ್ದು’ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಮರೆಮಾಚಬಾರದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ 120 ಪೌಂಡ್ ತೂಕದ ಮಹಶೀರನ್ನು ಹಿಡಿದದ್ದು ದಾಖಲೆಯೆನಿಸಿತು. ಮುಂದೆ ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಿದ್ದ ಕಾಲದಲ್ಲಿ ಕಾವಲಿನಿಂದಾಗಿ ಡೈನಮೈಟ್ ಹಾಕುವವರ ಹಾವಳಿ ತಗ್ಗಿತು. ಕಾವೇರಿ ವನ್ಯಜೀವಿಧಾಮದಲ್ಲಿ ಈ ಕ್ರೀಡೆ 2010ರ ದಶಕದ ಆರಂಭದಲ್ಲಿ ನಿಂತಿತು. 2018ರಲ್ಲಿ ಆ ಡುಬ್ಬದ ಮಹಶೀರ್ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಮೀನನ್ನು ಉಳಿಸಿದ್ದು ಕಾವಲೇ ಹೊರತು ಕೊಕ್ಕೆಯಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಶಿಶಿಲದಲ್ಲಿ ಜನ ಮಂಡಕ್ಕಿ ಎಸೆದು ಮೀನುಗಳನ್ನು ಕಣ್ತುಂಬ ನೋಡುತ್ತಾರೆ. ಗಾಳವಿಲ್ಲದೆಯೂ ಅಲ್ಲಿನ ಮೀನುಗಳು ತಲೆಮಾರುಗಳಿಂದ ರಕ್ಷಣೆ ಪಡೆದಿವೆ.

ಕೊನೆಯ ಆಕ್ಷೇಪ ಶ್ರಾವಕ ಸಮಾಜದತ್ತಲೇ ಬೆರಳು ತೋರುತ್ತದೆ: ‘ರೇಷ್ಮೆ ಮಾರುವವರು, ರೇಷ್ಮೆ ಉಟ್ಟು ಪೂಜೆಗೆ ಕೂರುವವರು, ಮೀನಿನ ಬಗ್ಗೆ ಮಾತನಾಡಬಹುದೇ?’ ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದ ಮೇಲೆಯೇ ಸಾಮಾನ್ಯವಾಗಿ ನೂಲು ತೆಗೆಯುವುದು ಎಂಬುದು ನಿಜ. ಈ ಮಾತು ನಾಟಬೇಕು, ನಾಟಿ ಆ ಕಡೆಯೂ ತಿದ್ದುಪಡಿ ಆಗಬೇಕು. ಆದರೆ ಒಂದು ತಪ್ಪು ಇನ್ನೊಂದಕ್ಕೆ ಪರವಾನಗಿಯಾಗದು. ಬೆಸ್ತರ ಜೀವನೋಪಾಯವನ್ನು ಹಳಿಯುವುದೂ ಇಲ್ಲಿನ ಉದ್ದೇಶವಲ್ಲ. ಹೊಟ್ಟೆಪಾಡಿಗೆ ಬಲೆ ಬೀಸುವವನಿಗೆ ಬೇರೆ ದಾರಿ ಇರಲಾರದು. ಬೇಸರ ಕಳೆಯಲು ಕೊಕ್ಕೆ ಕಟ್ಟುವ ಶ್ರಾವಕಪುತ್ರನಿಗೆ ಬಸವನಗುಡಿಯಲ್ಲಿ ದಾರಿಗಳಿಗೇನು ಬರ? ಸೋಮದೇವನೇ ಧೀವರನನ್ನೂ ರೈತನನ್ನೂ ಎದುರುಬದುರಿಟ್ಟು, ಕೊಲ್ಲುವ ಧ್ಯಾನದಲ್ಲಿರುವವನು ಕೊಲ್ಲದಿದ್ದರೂ ಪಾಪಿ, ಉಳುವವನ ಮನಸ್ಸಿನಲ್ಲಿ ಆ ಧ್ಯಾನವಿಲ್ಲ ಎಂದು ವಿವೇಚಿಸಿದ್ದಾನೆ. ಆ ಅಳತೆಗೋಲಿನಲ್ಲಿ ಬಿಡುವಿನ ವೇಳೆಯ ಧ್ಯಾನಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಹಾಗಾದರೆ ಆ ಹುಡುಗನ ಕೈಯಿಂದ ಉಳಿಯನ್ನು ಕಿತ್ತುಕೊಳ್ಳಬೇಕೇ? ಖಂಡಿತ ಬೇಡ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ, ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಜೀವ ತುಂಬುತ್ತಾರೆ. ಅದೇ ಉಳಿ, ಅದೇ ಕುಂಚ, ಅದೇ ಕಣ್ಣು ಸಾಕು. ಕಾವೇರಿ, ತುಂಗೆ, ಶರಾವತಿಗಳ ಮೀನುಗಳನ್ನು ಒಂದೊಂದಾಗಿ ಕೆತ್ತಿ, ಹೆಸರು ಬರೆದು, ಪಾಠಶಾಲೆಯ ಮಕ್ಕಳ ಮುಂದೆ ಇಡಲಿ. ಕೊಕ್ಕೆಯೊಂದನ್ನು ಕಳಚಿದರೆ ಸಾಕು, ಆಯುಧ ಗೊಂಬೆಯಾಗುತ್ತದೆ, ಹಿಂಸಾದಾನ ಜ್ಞಾನದಾನವಾಗುತ್ತದೆ. ಹಾಗೆ ಕಳಚಿದ ಮೇಲೆ ಹವ್ಯಾಸದ ಸ್ವಾರಸ್ಯವೇ ಹೋಯಿತೆಂದು ಯಾರಿಗಾದರೂ ಅನಿಸಿದರೆ, ಸ್ವಾರಸ್ಯವಿದ್ದದ್ದು ಮರದಲ್ಲಲ್ಲ, ಕೊಕ್ಕೆಯಲ್ಲಿ ಎಂದು ಅವರು ತಮ್ಮಷ್ಟಕ್ಕೆ ತಾವೇ ಒಪ್ಪಿಕೊಂಡಂತಾಯಿತು.

ಬಾವಿಯಿದ್ದ ಕಾಲದಲ್ಲಿ ಶ್ರಾವಕರ ಮನೆಯ ಹೆಂಗಸರು ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಜೋಪಾನವಾಗಿ ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಆ ಅಜ್ಜಿಯ ಮೊಮ್ಮಗ ಕಣ್ಣಿಗೆ ಕಾಣುವ ಜೀವಿಯನ್ನು ನೀರಿನಿಂದ ಎಳೆಯುವ ಉಪಕರಣವನ್ನು ಅಂದಗಾಣಿಸುತ್ತ ಕುಳಿತರೆ, ಸೋಸುಬಟ್ಟೆ ಎಲ್ಲಿ ಹರಿಯಿತೆಂದು ಹಿರಿಯರು ಕೇಳಿಕೊಳ್ಳಬೇಕು. ಮಗನನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಅವನ ಮೇಜಿನ ಬಳಿ ಕುಳಿತು, ಆ ಮರದ ಮೀನನ್ನು ಮೆಚ್ಚಿ, ಅಂಗೈ ಬಿಡಿಸಿ ಕೊಕ್ಕೆಯನ್ನು ತೋರಿಸು ಎಂದು ಕೇಳಬೇಕು. ಉಳಿದದ್ದನ್ನು ಅವನೇ ಯೋಚಿಸಿಯಾನು.