ಕಾಯುವ ಆರು ತಿಂಗಳು ಯಾರಿಗಾಗಿ?



ವಿವಾಹ ವಿಚ್ಛೇದನದ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಹೇಳುವುದು ಒಂದೇ: "ಸ್ವಲ್ಪ ಕಾಯಲಿ, ಮಕ್ಕಳ ಮುಖ ನೋಡಿಯಾದರೂ ಹೊಂದಿಕೊಂಡಾರು." ಕಿರಿಯರ ಉತ್ತರವೂ ಸಿದ್ಧವಾಗಿದೆ: "ನಮ್ಮ ಬಾಳು ನಮ್ಮದು, ಸರ್ಕಾರವೇಕೆ ಕಾಯಿಸಬೇಕು?" ಈ ಎರಡು ವಾದಗಳಲ್ಲಿಯೂ ಮಗುವಿನ ಹೆಸರಿದೆಯೇ ಹೊರತು ಮಗುವಿಲ್ಲ ಎಂಬುದು ನನ್ನ ಆಕ್ಷೇಪ.

1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಕಲಮನ್ನು ಸೇರಿಸಲಾಯಿತು. ಒಂದು ವರ್ಷ ಬೇರೆ ಬೇರೆಯಾಗಿ ಬಾಳಿದ ದಂಪತಿಗಳು ಪರಸ್ಪರ ಸಮ್ಮತಿಯಿಂದ ಅರ್ಜಿ ಸಲ್ಲಿಸಬಹುದು. ಆಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳು ಮೀರುವುದರೊಳಗೆ, ಮತ್ತೊಮ್ಮೆ ನ್ಯಾಯಾಲಯದ ಮುಂದೆ ತಮ್ಮ ನಿಶ್ಚಯವನ್ನು ಅರುಹಬೇಕು. ಮಕ್ಕಳಿಲ್ಲದವರಿಗೂ ಮೂರು ಮಕ್ಕಳಿರುವವರಿಗೂ ಅದೇ ಆರು ತಿಂಗಳು! ಆ ಕಲಮಿನಲ್ಲಿ ಮಗು ಎಂಬ ಪದವೇ ಇಲ್ಲ.

ಮಕ್ಕಳ ವಶ, ಪೋಷಣೆ, ವಿದ್ಯಾಭ್ಯಾಸಗಳ ಪ್ರಸ್ತಾಪವಿರುವುದು 26ನೆಯ ಕಲಮಿನಲ್ಲಿ. ಅಲ್ಲಿಯೂ ನ್ಯಾಯಾಲಯವು ಆದೇಶ ನೀಡ'ಬಹುದು' ಎಂದಿದೆ, ನೀಡ'ತಕ್ಕದ್ದು' ಎಂದಿಲ್ಲ. 'ಬಹುದು' ಮತ್ತು 'ತಕ್ಕದ್ದು'ಗಳ ನಡುವಿನ ಅಂತರವನ್ನು ನನ್ನ ತರಗತಿಯಲ್ಲಿ ಕುಳಿತವರಿಗೆ ನಾನು ಹೊಸದಾಗಿ ವಿವರಿಸಬೇಕಾಗಿಲ್ಲ.

2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಆರು ತಿಂಗಳು ಕಡ್ಡಾಯವಲ್ಲವೆಂದು ತೀರ್ಪಿತ್ತಿತು. ರಾಜಿಯ ಯತ್ನಗಳು ವಿಫಲವಾಗಿರಬೇಕು, ಜೀವನಾಂಶ ಹಾಗೂ ಮಕ್ಕಳ ವಶದ ಪ್ರಶ್ನೆಗಳು ನಿಜವಾಗಿ ಇತ್ಯರ್ಥವಾಗಿರಬೇಕು ಎಂಬ ಷರತ್ತುಗಳನ್ನೂ ವಿಧಿಸಿತು. ಇಲ್ಲಿಯ ವಿಪರ್ಯಾಸವನ್ನು ಗಮನಿಸಿ. ಕಾಯಲಾರೆವೆಂದು ವಿನಾಯಿತಿ ಬೇಡುವವರು ಮಗುವಿನ ಕುರಿತು ಉತ್ತರ ಕೊಡಬೇಕು. ವಿಧೇಯರಾಗಿ ಆರು ತಿಂಗಳು ಕಾದವರಿಗೆ 13ಬಿ ಕಲಮು ಆ ಪ್ರಶ್ನೆಯನ್ನೇ ಹಾಕುವುದಿಲ್ಲ. ಪರೀಕ್ಷೆ ಬರೆಯದೆ ಹಾಜರಾತಿಯೊಂದರಿಂದಲೇ ತೇರ್ಗಡೆಯಾದಂತಾಯಿತು!

ದಕ್ಷಿಣ ಕೊರಿಯಾವನ್ನು ನೋಡಿ. ಅಲ್ಲಿ 2008ರಿಂದ ಸಮ್ಮತಿಯ ವಿಚ್ಛೇದನಕ್ಕೆ ಮಕ್ಕಳಿರುವವರು ಮೂರು ತಿಂಗಳು, ಇಲ್ಲದವರು ಒಂದು ತಿಂಗಳು ಕಾಯಬೇಕು. ಮಗುವನ್ನು ಯಾರು ಸಾಕುವರು, ವೆಚ್ಚವನ್ನು ಯಾರು ಭರಿಸುವರು, ಭೇಟಿ ಹೇಗೆ ಎಂಬುದನ್ನು ಬರಹದಲ್ಲಿ ಒಪ್ಪಿಸಬೇಕು. ಮನೆಯಲ್ಲಿ ಹಿಂಸೆಯಿದ್ದರೆ ಅವಧಿಯನ್ನು ಮೊಟಕುಗೊಳಿಸಲು ಅವಕಾಶವಿದೆ. ಅಲ್ಲಿ ಕಾಯುವಿಕೆಗೆ ಒಂದು ಕೆಲಸವನ್ನು ವಹಿಸಲಾಗಿದೆ. ನಮ್ಮಲ್ಲಿ ಅದು ಬರಿಯ ದಿನಗಣನೆ.

"ಕಾಯುವುದರಿಂದ ಎಷ್ಟೋ ಸಂಸಾರಗಳು ಉಳಿಯುತ್ತವೆ" ಎನ್ನುವವರಿದ್ದಾರೆ. ಉಳಿಯುವಂತಿದ್ದರೆ ಉಳಿಯಲಿ, ಸಂತೋಷವೇ. ಆದರೆ ತಂದೆತಾಯಿಯರು ಮಾತು ಬಿಟ್ಟ ಮನೆಯಲ್ಲಿ ಆರು ತಿಂಗಳೆಂದರೆ ಮಗುವಿಗೆ ಅರ್ಧ ಶೈಕ್ಷಣಿಕ ವರ್ಷ. ಅಂಕಪಟ್ಟಿಗೆ ಯಾರಿಂದ ಸಹಿ ಹಾಕಿಸಬೇಕು, ದಸರೆಯ ರಜೆಗೆ ಯಾವ ಮನೆಗೆ ಹೋಗಬೇಕು, ಜೂನಿನಲ್ಲಿ ಇದೇ ಶಾಲೆಯೋ ಬೇರೆಯೋ? ಈ ಅನಿಶ್ಚಯವನ್ನು ಹೊತ್ತು ಕುಳಿತ ಮಗುವಿನ ಕಿವಿಗೆ ಪಾಠ ಬೀಳುವುದಿಲ್ಲ. ಅಧ್ಯಾಪಕರಾದವರೆಲ್ಲರೂ ಇದನ್ನು ಬಲ್ಲರು.

ಆದುದರಿಂದ ಕಾಯ್ದೆಯು ತಿದ್ದುಪಡಿಯಾಗಬೇಕು. ಅಪ್ರಾಪ್ತ ಮಕ್ಕಳಿರುವಲ್ಲಿ ವಾಸ, ಶಾಲೆ, ವೆಚ್ಚ, ಭೇಟಿಗಳ ಲಿಖಿತ ವ್ಯವಸ್ಥೆಯಿಲ್ಲದೆ ಡಿಕ್ರಿ ಕೊಡಕೂಡದು. ತಿಳಿವಳಿಕೆ ಬಂದ ಮಗುವಿನ ಅಭಿಪ್ರಾಯವನ್ನು ಕೇಳತಕ್ಕದ್ದು. ವ್ಯವಸ್ಥೆಯು ನ್ಯಾಯಾಲಯಕ್ಕೆ ಒಪ್ಪಿಗೆಯಾದ ಮೇಲೆ ಒಂದು ದಿನವೂ ಕಾಯಿಸುವುದು ಬೇಡ. ಹಿಂಸೆಯಿರುವಲ್ಲಿ ಪೆಟ್ಟು ತಿಂದವರನ್ನೂ ಅವರ ಮಕ್ಕಳನ್ನೂ ಕಾಯಿಸುವುದು ಅನ್ಯಾಯ.

ಕಾಯ್ದೆ ಬದಲಾಗುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ನಮ್ಮ ಬಂಧುವರ್ಗದಲ್ಲಿ ಇಂತಹ ಪ್ರಸಂಗ ಒದಗಿದಾಗ, ಯಾರದು ತಪ್ಪೆಂದು ಪಂಚಾಯಿತಿ ನಡೆಸುವ ಮೊದಲು, ಮಗುವಿಗೆ ಏನು ಏರ್ಪಾಡು ಮಾಡಿದ್ದೀರಿ ಎಂದು ಇಬ್ಬರನ್ನೂ ಕೇಳೋಣ. ಉತ್ತರವನ್ನು ಬರೆದು ಕೊಡುವಂತೆ ಒತ್ತಾಯಿಸೋಣ.