ಸೈಕಲ್ ನಿಂತರೂ ಓದು ನಿಲ್ಲದಿರಲಿ



ಮುಂಬಯಿಯಲ್ಲಿ ಬೆಳೆದ ನಿಮಗೆ ಒಂದು ಲೋಕಲ್ ತಪ್ಪಿದರೆ ಇನ್ನೊಂದು ಸಿಗುತ್ತದೆ. ನಿಮ್ಮ ಅಜ್ಜನ ಊರಿನಲ್ಲಿ ಬೆಳಗಿನ ಬಸ್ಸು ತಪ್ಪಿದರೆ ಅಂದಿನ ಪಾಠವೇ ತಪ್ಪೀತು. ಹೈಸ್ಕೂಲು ದೂರವಿದ್ದರೆ ಹೆಣ್ಣುಮಕ್ಕಳ ಓದು ಏಳನೆಯ ತರಗತಿಗೇ ಮುಗಿಯುವುದೂ ಉಂಟು.

ಅದಕ್ಕೆಂದೇ ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. 2006ರಲ್ಲೇ ಬಿಹಾರದಲ್ಲಿ ಹುಡುಗಿಯರಿಗಾಗಿ ಇಂಥದೇ ಯೋಜನೆ ಬಂತು. ಅದರಿಂದ ವಯಸ್ಸಿಗೆ ಸರಿಯಾಗಿ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಆದರೆ ಕರ್ನಾಟಕದಲ್ಲಿ 2020ರ ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು. ಶಾಲೆಗಳು ಮತ್ತೆ ತೆರೆದಾಗಲೂ ಅದು ಮರಳಲಿಲ್ಲ.

2023ರ ಜೂನ್ 11ರಿಂದ ಅಲ್ಲಿನ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ನಿಜ. ಆದರೆ ಶಾಲೆಯ ಹೊತ್ತಿಗೆ ಬಸ್ಸೇ ಬಾರದ ಊರಿಗೆ ಅದರಿಂದೇನು ಫಲ?

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಎಷ್ಟು ಮಕ್ಕಳು, ಎಷ್ಟು ದೂರ ನಡೆಯುತ್ತಾರೆ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅದನ್ನೇ ಮನವಿಯಾಗಿಸಿ, ಪೋಷಕರ ಸಹಿಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗೂ ಶಾಸಕರಿಗೂ ಬಸ್ ಡಿಪೋಗೂ ತಲಪಿಸಿ. ಪಂಚಾಯತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಅದನ್ನು ಓದಲಿ. ಕನ್ನಡ ಬರೆಯಲು ತಡವರಿಸುವವರು ಮನೆಯ ಹಿರಿಯರ ನೆರವು ಪಡೆಯಿರಿ. ನಿಮ್ಮ ಕನ್ನಡವೂ ಸುಧಾರಿಸೀತು.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು. ಇನ್ನು ಸರಕಾರ ಕೊಟ್ಟೀತೇ?